ಬಾಗಿಲಿಗೆ ಇಟ್ಟ ಕುಂಕುಮ

ಜನವರಿ 22, 1995, ಭಾನುವಾರ

ಅತ್ತೆ ಬಂದರು. ಮೈಸೂರಿನ ಆಸ್ಪತ್ರೆಯಿಂದ ಅಂಬಾಸಿಡರ್ ಕಾರಿನಲ್ಲಿ, ಹಿಂದಿನ ಸೀಟಿನ ಉದ್ದಕ್ಕೂ ಮಲಗಿಕೊಂಡು ಬಂದರು. ಬೂಕನಕೆರೆಯ ಮನೆಯ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಆಗಿದೆ. ಊರಿನ ಮನೆಯಲ್ಲಿ ಬಚ್ಚಲು ಹಿತ್ತಿಲಿನಾಚೆ, ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ಒಳಗೇ ಇದೆ, ಆದ್ದರಿಂದ ಇಲ್ಲೇ ಇರಲಿ ಎಂದು ಇವರೂ ಇವರಣ್ಣನೂ ತೀರ್ಮಾನ ಮಾಡಿದರು. ನನ್ನನ್ನೂ ಕೇಳಿದರು. ತೀರ್ಮಾನ ಆದ ಮೇಲೆ ಕೇಳಿದರು.

ನಡುಮನೆಯ ಕಿಟಕಿ ಪಕ್ಕದಲ್ಲಿ ನನ್ನ ಹೊಲಿಗೆ ಮಿಷನ್ ಇತ್ತು. ಈಗ ಅಲ್ಲಿ ಅತ್ತೆಯ ಮಂಚ. ಮಿಷನ್ ಅಡುಗೆಮನೆಯ ಓಣಿಗೆ ಹೋಯಿತು. ಅಲ್ಲಿ ಹಗಲಲ್ಲೂ ಸೂಜಿಗೆ ದಾರ ಪೋಣಿಸಲು ದೀಪ ಹಾಕಬೇಕು. ಯುಗಾದಿಗೆ ಬೇಕೆಂದು ಆಗಲೇ ರವಿಕೆ ಬಟ್ಟೆ ಬರಲು ಶುರುವಾಗಿದೆ. ಮಗಳು ಅನು ಈ ಸಲ ಎಸ್ಸೆಸ್ಸೆಲ್ಸಿ. ಅವಳು ಓದುವುದೂ ಇದೇ ನಡುಮನೆಯಲ್ಲಿ.

ಎರಡು ವಾರ ಬಿಟ್ಟು ವಾಕರ್ ಹಿಡಿಸಿ ನಡೆಸಿ, ನಡೆಸದಿದ್ದರೆ ಆಮೇಲೆ ಮಂಚವೇ ಗತಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಅತ್ತೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮಲಗಿಸಿದ ಕೂಡಲೇ ಕತ್ತು ತಿರುಗಿಸಿ ಕಿಟಕಿಯಾಚೆ ನೋಡಿದರು.

"ರಸ್ತೆ ಚೆಂದಾಗಿ ಕಾಣ್ತದೆ. ಕೇರ್‌ಪೇಟೆ ಬಸ್ಸು ಓಯ್ತಾ?"

ಊರ ಕಡೆ ಹೋಗುವ ಬಸ್ಸಿನ ಚಿಂತೆ. ಕಾಫಿ ಕುಡಿದಿಯಾ, ದಣಿದಿದ್ದೀಯಾ, ಒಂದು ಮಾತಿಲ್ಲ. ಇರಲಿ, ಕಾಯಿಲೆಯವರು.

ಜನವರಿ 30, ಸೋಮವಾರ

ಅತ್ತೆಗೆ ಮಾತ್ರೆ ತಪ್ಪಿದರೆ ನಡೆಯುತ್ತದೆ, ಸುದ್ದಿ ತಪ್ಪಿದರೆ ನಡೆಯುವುದಿಲ್ಲ.

ಬೂಕನಕೆರೆಯ ದೇವಯ್ಯ, ಇವರ ಚಿಕ್ಕಪ್ಪನ ಮಗ, ಇವರಿಗಿಂತ ದೊಡ್ಡವನು, ನನಗೆ ಭಾವನಾಗಬೇಕು. ದಿನ ಬಿಟ್ಟು ದಿನ ಮೈಸೂರಿಗೆ ವೀಳ್ಯದೆಲೆ ಸಾಗಿಸುತ್ತಾನೆ. ಪಾಂಡವಪುರದ ಮೇಲೆ ಬರುವ ಬೆಳಗಿನ ಬಸ್ಸು ನಮ್ಮ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಾನು ಓಡಿಹೋಗಿ ಕಿಟಕಿಯ ಹತ್ತಿರ ನಿಂತು ಊರಿನ ಸುದ್ದಿಯನ್ನೆಲ್ಲ ಕೇಳಿಕೊಂಡು ಬರಬೇಕು. ಅತ್ತೆಯ ಅಪ್ಪಣೆ. ಯಾರ ಎಮ್ಮೆ ಗಬ್ಬವಾಯಿತು, ಯಾರ ಮನೆ ಹೆಣ್ಣಿಗೆ ಗಂಡು ಬಂದಿತ್ತು, ಆಲೆಮನೆಯಲ್ಲಿ ಯಾರ ಕಬ್ಬಿನ ಸರದಿ. ಯಾರ ಎಮ್ಮೆ ಗಬ್ಬವಾದರೆ ನನಗೇನು? ನಾನು ಪಾಂಡವಪುರದಲ್ಲಿ ಬೆಳೆದವಳು. ನಮ್ಮಪ್ಪ ಮೇಷ್ಟರು, ನಮ್ಮ ಮನೆಯಲ್ಲಿ ಸುದ್ದಿಗೆ ರೇಡಿಯೊ ಇತ್ತು.

ಇವತ್ತು ಬಂದು ಎಲ್ಲ ಒಪ್ಪಿಸಿದೆ. ಅತ್ತೆ, "ಕರಿಯಯ್ಯನ ಸೊಸೆ ತೌರಿಂದ ಬಂದ್ಲಾ?" ಎಂದರು.

"ಕೇಳ್ಲಿಲ್ಲ ಅತ್ತೆ."

"ಅದ್ಕಲ್ವಾ ನಿನ್ನ ಕಳ್ಸಿದ್ದು? ಒಂದ್ ಸುದ್ದಿ ನೆಟ್ಗೆ ತರಕ್ಕಾಗಲ್ಲ, ಪೀಯೂಸಿ ಓದವ್ಳೆ."

ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಮರೆತುಹೋಯಿತು. ಎರಡನೆಯ ಸಲ ಹಾಕಿದೆ. ಎಲ್ಲರೂ ನೀರು ಕುಡಿದು ಕುಡಿದು ಉಂಡರು.

ಫೆಬ್ರವರಿ 9, ಗುರುವಾರ

ಅತ್ತೆ ಇಡೀ ಬಳಗವನ್ನು ಹೆಸರು ಹಿಡಿದು ಕೇಳುತ್ತಾರೆ, ಒಬ್ಬರನ್ನು ಬಿಟ್ಟು. ಇವತ್ತು ದೇವಯ್ಯನ ಮಗಳ ಸುದ್ದಿ ಹೇಳಿದೆ, ಅವಳನ್ನು ಕೊಟ್ಟಿರುವುದು ನಾಗಮಂಗಲಕ್ಕೆ. ಅತ್ತೆ, "ನಾಗಮಂಗ್ಲದ ಕಡೆ ಮಳೆ ಎಂಗೈತಂತೆ?" ಎಂದರು. ಫೆಬ್ರವರಿಯಲ್ಲಿ!

ಜಗಳವಿದೆ ಎಂಬುದಷ್ಟೇ ಶ್ರೀರಂಗಪಟ್ಟಣದಲ್ಲಿದ್ದ ನನಗೆ ಗೊತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಇವರು ಪೂರ್ತಿ ಹೇಳಿದರು. ನಾಗಮಂಗಲದಲ್ಲಿರುವುದು ಸಿದ್ದಲಿಂಗಮ್ಮ, ಅತ್ತೆಯ ಒಡಹುಟ್ಟಿದ ತಂಗಿ. ತವರಿನ ಕಡೆ ಈಗ ಉಳಿದಿರುವುದು ಅವರಿಬ್ಬರೇ. ಒಂಬತ್ತು ವರ್ಷದ ಹಿಂದೆ ಚಿಕ್ಕತ್ತೆ ತನ್ನ ಮಗಳು ಸೋಮಮ್ಮನ ಮದುವೆಗೆ ಕರೆಯಲು ಗಂಡನ ಜೊತೆ ಬೂಕನಕೆರೆಗೆ ಬಂದಳಂತೆ. ಮನೆಯವರೆಲ್ಲ ಕಬ್ಬಿನ ಗದ್ದೆಯಲ್ಲಿದ್ದರು, ಬಾಗಿಲಿಗೆ ಬೀಗ. ಇನ್ನೂ ಹತ್ತಾರು ಮನೆ ಕರೆಯಬೇಕಿತ್ತು, ಬಸ್ಸು ಹೊರಡುವ ಹೊತ್ತಾಗಿತ್ತು. ಬಾಗಿಲಿಗೆ ಕುಂಕುಮ ಇಟ್ಟು, ಲಗ್ನಪತ್ರಿಕೆಯನ್ನು ಚಿಲಕಕ್ಕೆ ಸಿಕ್ಕಿಸಿ ಹೋದಳು. ಮನೆಗೆ ಬೀಗವಿದ್ದರೆ ಎಲ್ಲರೂ ಮಾಡುವುದು ಹಾಗೆಯೇ. ಆದರೆ ಒಡಹುಟ್ಟಿದ ಅಕ್ಕನ ಮನೆಗೆ ಹಾಗೆ ಮಾಡುತ್ತಾರೆಯೇ? ಗದ್ದೆ ಎಷ್ಟು ದೂರ?

ಅತ್ತೆ ಸಂಜೆ ಬಂದು ನೋಡಿ ಅಂದದ್ದು: "ಬಾಗ್ಲ ಕರ್ದವ್ಳೆ. ಬಾಗ್ಲೇ ಓಗಿ ಉಂಡ್ಕಂಡ್ ಬರ್ಲಿ."

ಮದುವೆಗೆ ಹೋಗಲಿಲ್ಲ. ಯಾರನ್ನೂ ಹೋಗಗೊಡಲಿಲ್ಲ. ಧಾರೆಗೆ ದೊಡ್ಡಮ್ಮ ಇಲ್ಲದೆ ಮದುಮಗಳು ಅತ್ತಳಂತೆ. ಆಮೇಲೆ ಚಿಕ್ಕತ್ತೆ ಹೇಳಿ ಕಳಿಸಿದಳು: "ಇನ್ನು ನಿನ್ನ ಒಸ್ಲು ತುಳಿಯೋದು ನೀನು ಸತ್ತ ದಿನವೇ." ಅಂದಿನಿಂದ ಹೋಗುಬರುವುದು ನಿಂತಿದೆ. ನಾಲ್ಕು ವರ್ಷದ ಹಿಂದೆ ಮಾವ ತೀರಿಕೊಂಡಾಗಲೂ ಅವಳ ಗಂಡ ಒಬ್ಬನೇ ಬಂದು ಮುಖ ನೋಡಿ ಹೋದ.

"ಒಂದ್ಸಲ ನೀವೇ ಹೋಗಿ ಚಿಕ್ಕಮ್ಮನ್ನ ಕರ್ಕೊಂಡ್ ಬರಬಾರದಾ?" ಎಂದೆ.

"ಅವ್ವ ಒಪ್ಪಲ್ಲ. ಒಪ್ಪುಸ್ದೆ ಕರ್ಕಂಬಂದ್ರೆ ಮುಖ ತಿರುಗಿಸ್ಕತದೆ. ಆಗ ಅವ್ರಿಗೂ ಅವಮಾನ. ಸುಮ್ನೆ ಬುಡು."

ಫೆಬ್ರವರಿ 21, ಮಂಗಳವಾರ

ಅತ್ತೆ ವಾಕರ್ ಮುಟ್ಟುತ್ತಿಲ್ಲ. ಎಬ್ಬಿಸಲು ಹೋದರೆ ಕಲ್ಲಿನ ಹಾಗೆ ಭಾರ ಬಿಡುತ್ತಾರೆ. "ಎದ್ದು ಯಾರ್ ಮನೆಗೋಗ್ಬೇಕು ನಾನು?" ಎನ್ನುತ್ತಾರೆ. ಊಟವೂ ಇಳಿದಿದೆ. ಡಾಕ್ಟರು ನಿನ್ನೆ ಬೈದರು. ನನ್ನನ್ನು ಬೈದರು.

ಇವತ್ತು ಬಸ್ಸಿನಲ್ಲಿ ದೇವಯ್ಯ ಇರಲಿಲ್ಲ. ಬರಿಗೈಲಿ ಬಂದೆ. ಅತ್ತೆ ಗೋಡೆ ಕಡೆ ತಿರುಗಿದರು. ಮುದ್ದೆ ತಣ್ಣಗಾಗುತ್ತಿತ್ತು. ನನಗೆ ಏನು ಬಂತೋ, ಬಾಯಿಗೆ ಬಂದದ್ದು ಬಂತು.

"ನಾಗಮಂಗಲದ ಚಿಕ್ಕತ್ತೆ ದೇವಯ್ಯನ ಮಗಳನ್ನ ಕೇಳಿದ್ರಂತೆ, ಅಕ್ಕನ ಕಾಲು ಹೇಗಿದೆ ಅಂತ."

ಅತ್ತೆ ತಿರುಗಿದರು.

"ಏನಂದ್ಲು? ಇನ್ನೊಂದ್ಸಲ ಯೋಳು."

ಇನ್ನೊಂದು ಸಲ ಹೇಳಿದೆ. ಈ ಸಲ "ನಡೀತಾಳಾ ಅಂತಲೂ ಕೇಳಿದ್ರಂತೆ" ಎಂದು ಸೇರಿಸಿದೆ. ಅತ್ತೆ ತಟ್ಟೆ ಎಳೆದುಕೊಂಡರು. ಮುದ್ದೆ ಪೂರ್ತಿ ಉಂಡರು. ಸಂಜೆ ಅನುವನ್ನು ಕರೆದು, "ಆ ಕಬ್ಣದ ಕುದ್ರೆ ತಾ ಇತ್ಲಾಗೆ" ಎಂದರು. ಬಾಗಿಲ ತನಕ ಹೋಗಿ ಬಂದರು. ಬಸವಳಿದರು, ಬೆವತರು, ನನಗೂ ಅನುವಿಗೂ ಬೈದರು. ಆದರೂ ನಡೆದರು.

ಮಾರ್ಚ್ 2, ಗುರುವಾರ

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಚಿಕ್ಕತ್ತೆ ಈಗ ವಾರಕ್ಕೊಮ್ಮೆ ಏನಾದರೂ ಕೇಳಿ ಕಳಿಸಬೇಕಾಗಿದೆ. ನಾನು ಆ ಹೆಂಗಸನ್ನು ನನ್ನ ಮದುವೆಯಲ್ಲಿ ಒಮ್ಮೆ ಕಂಡವಳು. ಮುಖ ನೆನಪಿಲ್ಲ. ಅವಳ ಮಾತೆಲ್ಲ ನಾನೇ ಆಡುತ್ತಿದ್ದೇನೆ.

ಸೋಮಮ್ಮ ಹೆರಿಗೆಗೆ ತವರಿಗೆ ಬಂದು ಹೆಣ್ಣು ಮಗು ಹೆತ್ತಿದ್ದಾಳೆ. ಇದು ಸುಳ್ಳಲ್ಲ, ದೇವಯ್ಯನೇ ಹೇಳಿದ. ಅತ್ತೆ ಬಾಣಂತಿಯ ಖಾರ ಯಾರು ಅರೆಯುತ್ತಾರೆ, ಎರೆಯುವುದು ಯಾರು ಎಂದು ಕೇಳಿದರು. ಆಮೇಲೆ, "ನಂಗ್ಯಾಕೆ ಬುಡು" ಎಂದರು.

ಮಾರ್ಚ್ 6, ಸೋಮವಾರ

ಇವತ್ತು ಚಿಕ್ಕತ್ತೆ ಏನೂ ಕೇಳಲಿಲ್ಲವಂತೆ ಎಂದು ಹೇಳಿ ನೋಡಿದೆ. ಅತ್ತೆ ಅರ್ಧ ಮುದ್ದೆ ಬಿಟ್ಟರು. ನಾಳೆ ಕೇಳುತ್ತಾರೆ.

ಮಾರ್ಚ್ 18, ಶನಿವಾರ

ಬರೆಯಲು ಬಿಡುವಾಗಲಿಲ್ಲ. ಅತ್ತೆಗೆ ಜ್ವರ. ಎದೆಯಲ್ಲಿ ಕಫ ಕಟ್ಟಿ ಗೊರಗೊರ ಎನ್ನುತ್ತಿತ್ತು. ಡಾಕ್ಟರು ಮನೆಗೇ ಬಂದು ಇಂಜೆಕ್ಷನ್ ಕೊಟ್ಟರು. ಊರಿಂದ ಇವರಣ್ಣ, ಓರಗಿತ್ತಿ, ಮಕ್ಕಳು ಎಲ್ಲ ಬಂದು ನೋಡಿ ಹೋದರು. ಹೋಗುವಾಗ ಓರಗಿತ್ತಿ ಜಗುಲಿಯ ಮೇಲೆ ನಿಂತು ಹೇಳಿದಳು: "ಇನ್ನೇನ್ ಬುಡು ಪ್ರಮೀಳ, ಎಣ್ಣೆ ತೀರ್ತಾ ಬಂತು." ಕಿಟಕಿ ತೆರೆದಿತ್ತು.

ಇವತ್ತು ಜ್ವರ ಇಳಿದಿದೆ. ಗಂಜಿ ಕುಡಿಸುವಾಗ ಅತ್ತೆ ಮೆಲ್ಲಗೆ ಹೇಳಿದರು: "ಸತ್ರೆ ಬತ್ತೀನಿ ಅಂದವ್ಳೆ. ಬಂದ್ರೆ ನಾನೆಂಗೆ ನೋಡ್ಲಿ?"

ಹಾಗೆಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು. ಮಾವ ಹೋದಾಗ ಹಾಡಿ ಹಾಡಿ ಅತ್ತಿದ್ದರು, ಆದರೆ ಅದು ಹತ್ತು ಜನರ ಮುಂದೆ ಅಳುವ ಅಳು. ಇದು ಬೇರೆ. ನಾನು ಕಟ್ಟಿದ ಸುಳ್ಳುಗಳ ಮೇಲೆ ಅಸಹ್ಯವಾಯಿತು. ಬೆಳಗಾದರೆ ನಾಗಮಂಗಲದ ಬಸ್ಸು ಹತ್ತಿ ಹೋಗಿ ಆ ಹೆಂಗಸಿನ ಕೈ ಹಿಡಿದು ಎಳೆದು ತರೋಣ ಅನ್ನಿಸಿತು. ಇವರಿಗೆ ಹೇಳಿದೆ. ಅನುವಿನ ಪರೀಕ್ಷೆ ಮುಗಿಯಲಿ ಎಂದರು.

ಮಾರ್ಚ್ 25, ಶನಿವಾರ

ನಿನ್ನೆ ನಡೆದದ್ದನ್ನು ನಿನ್ನೆ ಬರೆಯಲು ಆಗಲಿಲ್ಲ. ಮನೆಯಲ್ಲಿ ಕೂರಲು ಜಾಗವಿರಲಿಲ್ಲ.

ನಾವಿರುವುದು ನಂಜುಂಡಯ್ಯನವರ ಮನೆಯ ಮುಂಭಾಗದಲ್ಲಿ. ಅವರದು ದೇವಸ್ಥಾನದ ಮನೆತನ, ಹಿಂಭಾಗದಲ್ಲಿದ್ದಾರೆ. ಜಗುಲಿಯೂ ಬೀದಿ ಬಾಗಿಲೂ ಇಬ್ಬರಿಗೂ ಒಂದೇ. ನಿನ್ನೆ ಬೆಳಗಿನ ಜಾವ ಅವರ ಸೋದರತ್ತೆ ತೀರಿಕೊಂಡರು. ತೊಂಬತ್ತು ದಾಟಿತ್ತು, ಹಣ್ಣೆಲೆ ಉದುರಿದ ಹಾಗೆ ಹೋದರು. ಹೊತ್ತು ಹುಟ್ಟುವ ವೇಳೆಗೆ ಬಾಗಿಲ ಮುಂದೆ ಕುಳ್ಳು ಸೇರಿಸಿ ಬೆಂಕಿ ಹಾಕಿದ್ದರು. ಬಿದಿರು ಬಂತು. ಗಂಡಸರು ಪಂಚೆಯುಟ್ಟು ನಮ್ಮ ಜಗುಲಿಯ ಮೇಲೆ ಕೂತಿದ್ದರು. ಇವರು ಕಚೇರಿ ಕೆಲಸಕ್ಕೆಂದು ಮಂಡ್ಯಕ್ಕೆ ಹೋಗಿದ್ದರು, ಅನು ಪರೀಕ್ಷೆಗೆ. ಹೊಗೆ ಒಳಗೆ ಬರಬಾರದೆಂದು ಅತ್ತೆಯ ಕಿಟಕಿ ಮುಚ್ಚಿದೆ. ಮಾತ್ರೆಯ ಮಂಪರಿನಲ್ಲಿ ಮಲಗಿದ್ದರು. ಮಧ್ಯಾಹ್ನದೊಳಗೆ ಹೆಣ ಹೊಳೆ ಕಡೆಗೆ ಹೋಯಿತು. ನಂಜುಂಡಯ್ಯನವರ ಹೆಂಡತಿ ಸರೋಜಮ್ಮನವರಿಗೆ ನೀರು ಸೇದಿ ಕೊಟ್ಟು ನಾನು ಒಳಗೆ ಬಂದೆ.

ದೇವಯ್ಯ ಅದೇ ಬೆಳಗಿನ ಬಸ್ಸಿನಲ್ಲಿ ಮೈಸೂರಿಗೆ ಹೋಗುತ್ತಿದ್ದ. ಎಲೆ ಮಾರಲು ಅಲ್ಲ, ಮಗನಿಗೆ ಹೆಣ್ಣು ನೋಡಲು. ಹೆಂಡತಿ, ಮಗ, ಹೂವು ಹಣ್ಣು ಎಲ್ಲ ಜೊತೆಗಿತ್ತು. ಬಸ್ಸು ನಮ್ಮ ಮನೆ ಮುಂದೆ ಹಾದುಹೋಗುವಾಗ ಬೆಂಕಿ ನೋಡಿದ, ಬಿದಿರು ನೋಡಿದ, ಜಗುಲಿಯ ಮೇಲೆ ಜನ ನೋಡಿದ. ಕಿಟಕಿ ಮುಚ್ಚಿದ್ದನ್ನೂ ನೋಡಿದ. ಬೇರೆ ದಿನವಾಗಿದ್ದರೆ ಸ್ಟ್ಯಾಂಡಿನಲ್ಲಿ ಇಳಿದು ಓಡಿ ಬರುತ್ತಿದ್ದ. ಹೆಣ್ಣು ನೋಡಲು ಹೊರಟವನು ಸಾವಿನ ಮನೆ ಹೊಸ್ತಿಲು ಹೇಗೆ ತುಳಿಯುತ್ತಾನೆ? ಇಳಿಯಲಿಲ್ಲ. ಯಾರನ್ನೂ ಕೇಳಲೂ ಇಲ್ಲ. ಕೇಳಿದರೆ ಸುದ್ದಿ ಮುಟ್ಟಿದಂತಾಗುತ್ತದೆ, ಸುದ್ದಿ ಮುಟ್ಟಿದ ಮೇಲೆ ಹೆಣ್ಣು ನೋಡಲು ಹೋಗುವಂತಿಲ್ಲ. ಮೈಸೂರು ಮುಟ್ಟಿ, ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಆಮೇಲೆ ಬೂತಿಗೆ ಹೋಗಿ ಊರಿನ ಡೈರಿಗೂ ನಾಗಮಂಗಲದ ಅಳಿಯನ ಅಂಗಡಿಗೂ ಅತ್ತೆಯ ಹೆಸರು ಹೇಳಿ ಫೋನು ಮಾಡಿದ: ದೊಡ್ಡತಾಯವ್ವ ಓದ್ರು.

ಮೂರು ಗಂಟೆಯ ಸುಮಾರಿಗೆ ಬೀದಿಯಲ್ಲಿ ಟ್ರಾಕ್ಟರಿನ ಸದ್ದು. ಟ್ರೈಲರಿನ ತುಂಬ ಬೂಕನಕೆರೆ. ಹೆಂಗಸರು ಇಳಿಯುವ ಮೊದಲೇ ದನಿ ತೆಗೆದಿದ್ದರು. ಇವರಣ್ಣ ಹೂವಿನ ಹಾರ ಹಿಡಿದುಕೊಂಡು ಬಂದವರು ಜಗುಲಿಯ ಮೇಲೆ ಹೆಣವಿಲ್ಲದ್ದನ್ನು ನೋಡಿ ನನ್ನ ಮೇಲೆ ಹರಿಹಾಯ್ದರು.

"ಎತ್ಬುಟ್ರಾ? ಹಿರೀ ಮಗ ನಾನಿನ್ನೂ ಬದುಕಿವ್ನಿ! ಎಲ್ಲೋದ ತಮ್ಮ ಚಲುವ? ಯಾರ್ ಕೊಳ್ಳಿ ಇಟ್ಟೋರು?"

ನನಗೆ ಒಂದೂ ತಿಳಿಯಲಿಲ್ಲ. "ಭಾವ, ಅದು ಹಿಂದಿನ ಮನೆಯವರದು" ಎನ್ನುತ್ತಿದ್ದೇನೆ, ಅಳುವಿನಲ್ಲಿ ಯಾರಿಗೂ ಕೇಳಿಸುತ್ತಿಲ್ಲ. ಓರಗಿತ್ತಿ ನನ್ನನ್ನೇ ತಬ್ಬಿಕೊಂಡು ಹಾಡಿ ಅಳುತ್ತಿದ್ದಾಳೆ. ಅಷ್ಟರಲ್ಲಿ ಒಂದು ಕಾರು ಬಂತು. ಅದರಿಂದ ಒಬ್ಬ ಹೆಂಗಸು ಇಳಿದಳು. ತಲೆ ಕೆದರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕಂಕುಳಲ್ಲಿ ಒಂದು ಸೀರೆ. ಮುಖ ನೆನಪಿಲ್ಲ ಎಂದು ಬರೆದಿದ್ದೆನಲ್ಲ, ನೋಡಿದ ಕೂಡಲೇ ಗೊತ್ತಾಯಿತು. ಅತ್ತೆಯದೇ ಗದ್ದ.

ನಮ್ಮಲ್ಲಿ ಹೆಣ್ಣು ಸತ್ತರೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವಂತಿಲ್ಲ. ಚಿಕ್ಕತ್ತೆ ಖಾಲಿ ಜಗುಲಿ ನೋಡಿದಳು. ಆರಿದ ಬೆಂಕಿ ನೋಡಿದಳು. ನನ್ನ ರಟ್ಟೆ ಹಿಡಿದು ಅಲ್ಲಾಡಿಸಿದಳು.

"ತೌರ್ ಸೀರೆ ಬರೋಗಂಟ ಇಕ್ಕಬಾರದಾಗಿತ್ತೇನೇ? ಅಕ್ಕನ್ನ ಬೆತ್ಲೆ ಕಳುಸ್ಬುಟ್ರಲ್ಲೇ! ಒಂದ್ಸಲ ಮೊಕ ನೋಡಕ್ಕೂ ಬುಡ್ಲಿಲ್ವಲ್ಲೇ!"

ಆಗ ಒಳಗಿನಿಂದ ಅತ್ತೆಯ ದನಿ ಬಂತು.

"ಯಾರೇ ಅದು ಕಿರುಚ್ತಿರೋದು? ಯಾರ್ ಸತ್ರು?"

ಓರಗಿತ್ತಿಯ ಹಾಡು ಅರ್ಧಕ್ಕೆ ನಿಂತಿತು. ಟ್ರೈಲರಿನಿಂದ ಆಗ ತಾನೇ ಇಳಿಯುತ್ತಿದ್ದ ದ್ಯಾವಮ್ಮಜ್ಜಿ ತಿರುಗಿ ಹತ್ತತೊಡಗಿದಳು, ದೆವ್ವವೆಂದು. ಹಿಂಬಾಗಿಲಲ್ಲಿ ನಿಂತಿದ್ದ ಸರೋಜಮ್ಮ, ಪಾಪ, ಸಾವಾದ ಮನೆಯಲ್ಲಿ ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು.

ಚಿಕ್ಕತ್ತೆ ಮಾತ್ರ ಅಲ್ಲಾಡಲಿಲ್ಲ. ಹೊಸ್ತಿಲ ಹೊರಗೆ ನಿಂತಿದ್ದಳು. ನಡುಮನೆಯಲ್ಲಿ ಅತ್ತೆ ಮೊಣಕೈ ಊರಿ ಅರ್ಧ ಎದ್ದು ಕೂತು ಬಾಗಿಲ ಕಡೆ ನೋಡುತ್ತಿದ್ದರು.

"ಯಾರು? ಸಿದ್ಲಿಂಗಿಯಾ?"

"ಊಂ."

"ಸತ್ಮೇಲೆ ಬತ್ತೀನಿ ಅಂದಿದ್ದೆ."

"ಸತ್ತೋದೆ ಅಂದ್ರಲ್ಲಕ್ಕಾ, ಅದ್ಕೇ ಬಂದೆ."

"ಸತ್ತಿಲ್ಲ ಕಣೆ. ಈಗೇನ್ ಮಾಡ್ತೀಯೆ? ವಾಪಸ್ ಓಯ್ತೀಯಾ?"

ಚಿಕ್ಕತ್ತೆ ಸೀರೆ ಹಿಡಿದುಕೊಂಡೇ ಹೊಸ್ತಿಲು ದಾಟಿದಳು. ಮಂಚದ ಮೇಲೆ ಬಿದ್ದು ಅಕ್ಕನ ಹೊಟ್ಟೆಗೆ ಮುಖ ಒತ್ತಿ ಅತ್ತಳು. ಅತ್ತೆ ಅವಳ ತಲೆ ಸವರುತ್ತಾ, "ಸೊಂಟ ಕಣೆ, ಸೊಂಟ ಕಣೆ, ಮೆತ್ಗೆ" ಎನ್ನುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ. ಎಷ್ಟು ಜನಕ್ಕೆ ಎಂದು ತಿಳಿಯದೆ ದೊಡ್ಡ ಪಾತ್ರೆಯನ್ನೇ ಇಟ್ಟೆ. ಅಲ್ಲಿ ಯಾರೂ ಇರಲಿಲ್ಲ, ನಾನೂ ಅತ್ತುಬಿಟ್ಟೆ.

ಮಾರ್ಚ್ 27, ಸೋಮವಾರ

ಚಿಕ್ಕತ್ತೆ ಇವತ್ತು ಬೆಳಿಗ್ಗೆ ಹೊರಟರು, ಮನೆಯಲ್ಲಿ ಬಾಣಂತಿ ಮಗಳಿದ್ದಾಳೆ. ಇದ್ದ ಎರಡು ದಿನವೂ ಅಕ್ಕ ತಂಗಿ ಜಗಳವಾಡಿದರು. ಗದ್ದೆಗೆ ಬಂದು ಕರೆಯಬಹುದಾಗಿತ್ತು, ಬಸ್ಸು ತಪ್ಪುತ್ತಿತ್ತು, ಬಸ್ಸು ದೊಡ್ಡದೋ ಅಕ್ಕ ದೊಡ್ಡವಳೋ. ಜಗಳದ ನಡುನಡುವೆ ಒಬ್ಬರ ತಟ್ಟೆಗೆ ಒಬ್ಬರು ಸಾರು ಬಿಟ್ಟುಕೊಂಡರು.

ಒಂದು ಗಳಿಗೆ ನನ್ನ ಜೀವ ಬಾಯಿಗೆ ಬಂದಿತ್ತು. ಅತ್ತೆ ತಂಗಿಗೆ, "ಕಾಲೆಂಗೈತೆ ಅಂತ ಕೇಳಿ ಕಳುಸ್ತಿದ್ಯಂತಲ್ಲ, ಪ್ರಮೀಳ ಯೋಳ್ತಿದ್ಲು" ಎಂದರು. ಚಿಕ್ಕತ್ತೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಊಂ ಕಣಕ್ಕ," ಎಂದರು ಚಿಕ್ಕತ್ತೆ. "ಕೇಳ್ದೆ ಇರಾಕಾಯ್ತದಾ?"

ಆ ಸೀರೆ ನನ್ನ ಮುಂದಿದೆ. ರೇಷ್ಮೆ, ನೇರಳೆ ಬಣ್ಣ, ಹಳದಿ ಅಂಚು. ಹೆಣದ ಮೇಲೆ ಹೊದಿಸಲು ಯಾರಾದರೂ ರೇಷ್ಮೆ ತರುತ್ತಾರೆಯೇ? ಬಿಚ್ಚಿದಾಗ ನುಸಿಗುಳಿಗೆಯ ವಾಸನೆ ಬಂತು. ಮಡಿಕೆ ಬಿದ್ದ ಕಡೆಯಲ್ಲೆಲ್ಲ ಬಣ್ಣ ಮಾಸಿದೆ, ಎರಡು ಕಡೆ ಎಳೆ ಬಿಟ್ಟಿದೆ. ನಾನು ಬಟ್ಟೆಯವಳು, ನನಗೆ ಗೊತ್ತಾಗುತ್ತದೆ, ಇದು ಮೊನ್ನೆ ಕೊಂಡದ್ದಲ್ಲ. ಚಿಕ್ಕತ್ತೆ ಹೊರಡುವಾಗ ಕೇಳಿದೆ.

"ಸೋಮಿ ಮದ್ವೇಲಿ ಅಕ್ಕನಿಗೆ ಉಡುಸ್ಬೇಕು ಅಂತ ತಂದಿದ್ದು ಕಣವ್ವ. ಬರ್ನಿಲ್ಲ. ಬ್ಯಾರೇರಿಗೆ ಕೊಡಾಕೆ ಮನಸ್ ಬರ್ನಿಲ್ಲ. ಟ್ರಂಕಲ್ಲೇ ಇತ್ತು. ಮೊನ್ನೆ ಸುದ್ದಿ ಬಂದಾಗ, ಬದ್ಕಿದ್ದಾಗಂತೂ ಉಡ್ಲಿಲ್ಲ, ಇದ್ನೇ ಒದ್ಕಂಡು ಮಲೀಕಳ್ಳಿ ಅಂತ ಎತ್ಕಂಬಂದೆ."

ಹೆಣಕ್ಕೆ ತಂದ ಸೀರೆ, ಮನೆಯಲ್ಲಿ ಇಟ್ಟುಕೊಳ್ಳಬಾರದು, ಹೊಳೆಗೆ ಬಿಡಿ ಎಂದು ಓರಗಿತ್ತಿ ಹೇಳಿ ಹೋಗಿದ್ದಾಳೆ. ಅತ್ತೆಯನ್ನು ಕೇಳಿದರೆ, "ಒಳೆಗ್ಯಾಕೆ? ಒಳೆ ಉಟ್ಕಂಡದಾ? ರವಿಕೆ ಒಲಿ ನಂಗೆ" ಎಂದರು.

ಸಂಜೆ ಅಳತೆ ತೆಗೆಯುವಾಗ, ಇದ್ದಕ್ಕಿದ್ದಂತೆ: "ಅವ್ಳು ಅಂಗೆಲ್ಲ ಕೇಳಿ ಕಳ್ಸೋಳಲ್ಲ. ನಂಗೊತ್ತಿಲ್ವಾ?"

ಟೇಪು ಕೈಯಿಂದ ಜಾರಿತು. "ಮತ್ತೆ ಇನ್ನೊಂದ್ಸಲ ಹೇಳು ಅಂತಿದ್ರಲ್ಲ ಅತ್ತೆ?"

"ಕೇಳಾಕೆ ಚೆಂದಾಗಿತ್ತು ಕಣೆ."

ಏಪ್ರಿಲ್ 2, ಭಾನುವಾರ

ಹೊಸತೊಡಕು, ಯುಗಾದಿಯ ಮರುದಿನ. ಮಾಂಸದಡುಗೆ. ಅತ್ತೆ ವಾಕರ್ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದು ನಿಂತು, ಮಸಾಲೆಗೆ ಕೊತ್ತಂಬರಿ ಸಾಲದು ಎಂದರು. ಸಾಕಾಗಿತ್ತು. ಆದರೂ ಹಾಕಿದೆ. ಮಿಷನ್ನನ್ನು ಓಣಿಯಿಂದ ತಂದು ಮಂಚದ ಕಾಲ ಬಳಿ ಇಟ್ಟುಕೊಂಡಿದ್ದೇನೆ. ನಾನು ತುಳಿಯುತ್ತೇನೆ, ಅವರು ಬಸ್ಸು ನೋಡಿ ಹೇಳುತ್ತಾರೆ.

ಏಪ್ರಿಲ್ 13, ಗುರುವಾರ

ಅತ್ತೆಯನ್ನು ಮೈಸೂರಿಗೆ ತೋರಿಸಲು ಕರೆದುಕೊಂಡು ಹೋಗಿದ್ದೆವು. ಅನುವೂ ಬಂದಿದ್ದಳು, ಮನೆಗೆ ಬೀಗ. ಇನ್ನು ಕೋಲು ಸಾಕು ಎಂದರು ಡಾಕ್ಟರು. ಬರುವಾಗ ಸಂಜೆಯಾಯಿತು.

ಜಗುಲಿಯ ಮೇಲೆ ಚಿಕ್ಕತ್ತೆ, ಚಿಕ್ಕಮಾವ. ಕುಂಕುಮದ ಬಟ್ಟಲು, ಎಲೆ ಅಡಿಕೆ ಮುಂದಿಟ್ಟುಕೊಂಡು ಕೂತಿದ್ದಾರೆ. ಬೆಳಿಗ್ಗೆ ಬಂದವರಂತೆ. ಸೋಮಮ್ಮನ ಮಗಳ ತೊಟ್ಟಿಲು ಶಾಸ್ತ್ರಕ್ಕೆ ಕರೆಯಲು. ಸರೋಜಮ್ಮ ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಹೋಗಿಲ್ಲ, ಕೊಟ್ಟ ಮಜ್ಜಿಗೆಯನ್ನು ಜಗುಲಿಯ ಮೇಲೇ ಕುಡಿದಿದ್ದಾರೆ. ಚಿಕ್ಕಮಾವ ಮಾತ್ರ ಗೊಣಗುತ್ತಿದ್ದರು: "ಮೂರು ಬಸ್ ಓಯ್ತು ಕಣಪ್ಪ ಚಲುವ. ಅಂದ್ರೂ ಇವ್ಳು ಏಳಾಕಿಲ್ಲ."

"ಬಾಗ್ಲ ಕರ್ದು ಓಗಾಕೆ ನಂಗೇನ್ ಬುದ್ಧಿ ಇಲ್ವಾ?" ಎಂದರು ಚಿಕ್ಕತ್ತೆ.

ಅತ್ತೆಯ ಕೈಗೆ ಎಲೆ ಅಡಿಕೆ ಕೊಟ್ಟು, ನನ್ನ ಹಣೆಗೆ ಕುಂಕುಮ ಇಟ್ಟು, "ಮೂವತ್ನೇ ತಾರೀಕು ಭಾನ್ವಾರ, ತೊಟ್ಲು. ಎಲ್ರೂ ಬರ್ಬೇಕು" ಎಂದು ಕ್ರಮವಾಗಿ ಕರೆದರು. ಆಮೇಲೆ ಬೆರಳಲ್ಲಿ ಉಳಿದದ್ದನ್ನು ಬಾಗಿಲಿಗೂ ಇಟ್ಟರು.

"ಇದೂ ಬರ್ಲಿ. ಓದ್ಸಲ ಬರ್ನಿಲ್ಲ."

ಅತ್ತೆ ನಕ್ಕ ನಗುವಿಗೆ ಸೊಂಟ ಹಿಡಿದುಕೊಂಡಿತು.

ಏಪ್ರಿಲ್ 28, ಶುಕ್ರವಾರ

ರವಿಕೆ ಹೊಲಿದು ಮುಗಿಸಿದೆ. ಸೀರೆಯಲ್ಲಿ ಎಳೆ ಬಿಟ್ಟ ಕಡೆ ಹಿಂದಿನಿಂದ ರವಿಕೆ ಬಟ್ಟೆಯಲ್ಲಿ ಉಳಿದ ಪಟ್ಟಿ ಕೊಟ್ಟು ಸಣ್ಣ ಹೊಲಿಗೆ ಹಾಕಿದ್ದೇನೆ, ಹತ್ತಿರ ಬಂದು ನೋಡಿದರೂ ಕಾಣುವುದಿಲ್ಲ. ಹೆಣಕ್ಕೆ ತಂದ ಸೀರೆಗೆ ಫಾಲ್ಸ್ ಹಾಕಿ ರವಿಕೆ ಹೊಲಿದವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಇವತ್ತು ಅದನ್ನೇ ಉಟ್ಟು ಅತ್ತೆ ಇವರ ಜೊತೆ ಕಾರಿನಲ್ಲಿ ನಾಗಮಂಗಲಕ್ಕೆ ಹೋದರು. ಒಂದು ತಿಂಗಳು ತಂಗಿಯ ಮನೆಯಲ್ಲಿದ್ದು, ಅಲ್ಲಿಂದ ಊರಿಗೆ. ನಾನೂ ಅನುವೂ ಭಾನುವಾರ ಹೋಗುವವರು. ಹತ್ತುವಾಗ, "ಬಸ್‌ಸ್ಟ್ಯಾಂಡಿಗೆ ಓಗೋದ್ ಬುಡ್ಬ್ಯಾಡ" ಎಂದರು. ಬರುತ್ತೀನಿ, ಹುಷಾರು, ಅಂಥದ್ದೇನೂ ಇಲ್ಲ.

ಮಿಷನ್ ಕಿಟಕಿಯ ಪಕ್ಕಕ್ಕೆ ಬಂತು. ಒಳ್ಳೆಯ ಬೆಳಕು.

ಮೇ 11, ಗುರುವಾರ

ಕರಿಯಯ್ಯನ ಸೊಸೆ ತವರಿಂದ ಬಂದಳಂತೆ. ಓರಗಿತ್ತಿಯ ಎಮ್ಮೆ ಕರು ಹಾಕಿದೆ, ಹೆಣ್ಣು. ದೇವಯ್ಯ ಅಂದು ನೋಡಿದ ಹೆಣ್ಣಿನ ಮನೆಯವರು ಒಪ್ಪಿದ್ದಾರೆ. ಉಪ್ಪಿಟ್ಟು ತಿಂದು ಬಂದು ಸಾವಿನ ಫೋನು ಮಾಡಿದ ಕತೆ ಆ ಮನೆಯವರಿಗೂ ಗೊತ್ತಾಗಿದೆ. ಅನುವಿನ ರಿಸಲ್ಟ್ ಇನ್ನೂ ಇಲ್ಲ. ನಾಗಮಂಗಲದಿಂದ ಸುದ್ದಿ ಇಲ್ಲ.

ಮೇ 16, ಮಂಗಳವಾರ

ನಾಗಮಂಗಲದಿಂದ ಸುದ್ದಿ ಇಲ್ಲ. ಕೇರ್‌ಪೇಟೆ ಬಸ್ಸು ಇವತ್ತು ತಡ.

ಮೇ 23, ಮಂಗಳವಾರ

ಬೆಂಡೆಕಾಯಿ ತರಲು ಹೋದವಳು ಸ್ಟ್ಯಾಂಡಿನ ಕಡೆ ಹಾಗೇ ಹೋದೆ. ಬೆಂಡೆಕಾಯಿ ಮನೆಯಲ್ಲಿತ್ತು. ಬಸ್ಸು ನಿಂತಿತ್ತು. ಕಿಟಕಿಯಲ್ಲಿ ದೇವಯ್ಯ ಭಾವ.

"ಮೊನ್ನೆ ನಾಗಮಂಗ್ಲಕ್ಕೋಗಿದ್ದೆ ಕಣವ್ವ, ಮಗಳ ನೋಡ್ಕಂಡ್ ಬರಾಕೆ. ಅಂಗೇ ಅಲ್ಲಿಗೂ ಓದೆ. ದೊಡ್ಡವ್ವ ಕೋಲೂರ್ಕಂಡು ಇತ್ಲು ತುಂಬ ತಿರುಗ್ತದೆ. ನಿನ್ನ ಕೇಳ್ತು. ಪ್ರಮೀಳ ಎಂಗವ್ಳೆ, ಊಟಗೀಟ ಒತ್ಗೆ ಸರ್ಯಾಗ್ ಮಾಡ್ತಾವ್ಳಾ, ಒಲಿಗೆ ಒಲ್ದು ಕಣ್ಣು ಆಳ್ ಮಾಡ್ಕಂಡಾಳು ಅಂತ."

ಅತ್ತೆ ಹಾಗೆಲ್ಲ ಕೇಳುವವರಲ್ಲ. ನನಗೆ ಗೊತ್ತಿಲ್ಲವೇ? ಮನೆಯಲ್ಲಿ ಅಷ್ಟು ತಿಂಗಳು ಇದ್ದು ಒಂದು ದಿನ ಕೇಳದವರು. ಇದು ಚಿಕ್ಕತ್ತೆ ಹೇಳಿಕೊಟ್ಟ ಮಾತಿರಬೇಕು, ಇಲ್ಲವೇ ದೇವಯ್ಯನೇ ಕಟ್ಟಿದ್ದು.

ಕಂಡಕ್ಟರು ಸೀಟಿ ಊದಿದ. ಬಸ್ಸು ಅಲ್ಲಾಡಿತು. ನಾನು ಕಿಟಕಿಯ ಸರಳು ಹಿಡಿದುಕೊಂಡು ಎರಡು ಹೆಜ್ಜೆ ಜೊತೆಗೇ ನಡೆದೆ.

"ಏನಂದ್ರು ಭಾವ? ಇನ್ನೊಂದ್ಸಲ ಯೋಳಿ."